ಹತ್ತಿ ಜಿನ್ನಿನಿಂದ ಕಡೇಚೂರಿನವರೆಗೆ: ಸುರಕ್ಷತೆಯ ಪಾಠ ಹೇಳಿದವರು ಯಾರು?

ಮೂವತ್ತಕ್ಕೂ ಹೆಚ್ಚು ವರ್ಷಗಳ ನನ್ನ ಅಧ್ಯಾಪನ ವೃತ್ತಿಯಲ್ಲಿ ಹಾಜರಿ ಪುಸ್ತಕವು ನನಗೆ ಅನೇಕ ಸಂಗತಿಗಳನ್ನು ಕಲಿಸಿದೆ. ಶಹಾಪುರ, ಸುರಪುರ, ಯಾದಗಿರಿ ಈ ಮೂರೂ ತಾಲೂಕುಗಳ ಪ್ರೌಢಶಾಲೆಗಳಲ್ಲಿ ಸೇವೆ ಸಲ್ಲಿಸಿದವನು ನಾನು. ಹತ್ತಿ ಬಿಡಿಸುವ ಹಂಗಾಮು ಆರಂಭವಾಯಿತೆಂದರೆ ಹಾಜರಿ ಪುಸ್ತಕದ ಪುಟಗಳಲ್ಲಿ ಗೈರುಹಾಜರಿಯ ಗುರುತುಗಳೇ ತುಂಬುತ್ತಿದ್ದವು. ಹೆಣ್ಣುಮಕ್ಕಳ ಹೆಸರಿನ ಮುಂದೆ ಅವು ಇನ್ನೂ ಹೆಚ್ಚು. ಅದನ್ನು ನಾವು ಶಿಕ್ಷಕರು ಋತುಮಾನದಂತೆ ಒಪ್ಪಿಕೊಂಡುಬಿಟ್ಟಿದ್ದೆವು.

1991ರ ಚಳಿಗಾಲದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹದಿನೈದು ದಿನ ಸತತವಾಗಿ ಬರಲಿಲ್ಲ. ಗಣಿತದಲ್ಲಿ ಮುಂದಿದ್ದ ಹುಡುಗಿ. ಹೊಲದ ಕೆಲಸಕ್ಕೆ ಹೋಗುವವಳಲ್ಲ ಎಂದು ಗೊತ್ತಿದ್ದುದರಿಂದ ಒಂದು ಸಂಜೆ ಮನೆ ಹುಡುಕಿಕೊಂಡು ಹೋದೆ. ಒಳಗೆ ಅವಳ ತಾಯಿ ಮಲಗಿದ್ದರು. ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಹತ್ತಿ ಜಿನ್ನಿನಲ್ಲಿ ತಿರುಗುವ ಶಾಫ್ಟಿನ ಹತ್ತಿರ ಸಿಕ್ಕಿಕೊಂಡಿದ್ದ ಅರಳೆಯನ್ನು ತೆಗೆಯಲು ಹೋದಾಗ ಸೆರಗು ಸುತ್ತಿಕೊಂಡು ಕೈ ಒಳಗೆ ಹೋಗಿತ್ತು.

"ಮಷೀನ್ ಬಂದ್ ಮಾಡದೇ ಹೋಗಬಾರದು ಅಂತ ಯಾರೂ ಹೇಳಿದ್ದಿಲ್ಲೇನು ತಾಯಿ?" ಎಂದು ಕೇಳಿದೆ.

"ಯಾರ್ ಹೇಳ್ತಾರ್ರಿ ಮಾಸ್ತರ? ಅರಳಿ ಸಿಕ್ಕೊಂಡದ ತಗಿ ಅಂದ್ರು, ತಗಿಯಾಕ ಹೋದೆ. ಗ್ವಾಡಿ ಮ್ಯಾಲ ಒಂದು ಹಲಗಿ ಹಾಕ್ಯಾರ್ರಿ. ಅದರಾಗ ಏನ್ ಬರದಾರೋ ಏನೋ."

ಆ ಹಲಗೆಯನ್ನು ನೋಡಬೇಕೆಂದು ನನಗೇಕೆ ಅನ್ನಿಸಿತೋ ಕಾಣೆ. ಮುಂದಿನ ಭಾನುವಾರ ಹೋಗಿ ನೋಡಿದೆ. ಬಾಗಿಲಿನ ಪಕ್ಕದಲ್ಲೇ ಇತ್ತು. ಕಾರ್ಖಾನೆ ಕಾಯ್ದೆಯ ಸಾರಾಂಶ, ಆರಂಭದಿಂದ ಕೊನೆಯವರೆಗೆ ಇಂಗ್ಲಿಷಿನಲ್ಲಿ. ಸಣ್ಣ ಅಕ್ಷರ, ಮೇಲೆ ಹತ್ತಿಯ ಧೂಳು. ಬಿ.ಎ., ಬಿ.ಎಡ್. ಆಗಿದ್ದ ನನಗೇ ಓದಿ ಅರ್ಥ ಮಾಡಿಕೊಳ್ಳಲು ಅರ್ಧ ಗಂಟೆ ಬೇಕಾಯಿತು.

ಓದುಗ ಮಿತ್ರರೇ, ನಾನು ಇತಿಹಾಸದ ಶಿಕ್ಷಕ, ಕಾನೂನು ಬಲ್ಲವನಲ್ಲ. ಆದರೆ ಅಂದಿನಿಂದ ಈ ವಿಷಯದ ಬೆನ್ನು ಹತ್ತಿದೆ. ದುಡಿಯುವವರಿಗೆ ಅಪಾಯದ ಪಾಠವನ್ನು ಯಾರು, ಯಾವಾಗ, ಯಾವ ಭಾಷೆಯಲ್ಲಿ ಹೇಳಿದರು ಎಂಬುದಕ್ಕೂ ಒಂದು ಇತಿಹಾಸವಿದೆ.

ಬ್ರಿಟಿಷ್ ಇಂಡಿಯಾದ ಮೊದಲ ಕಾರ್ಖಾನೆ ಕಾಯ್ದೆ ಬಂದದ್ದು 1881ರಲ್ಲಿ. ಅದು ಮುಖ್ಯವಾಗಿ ಮಕ್ಕಳ ದುಡಿಮೆಯ ಅವಧಿಯನ್ನು ಕುರಿತದ್ದು, ಅದೂ ನೂರು ಜನಕ್ಕಿಂತ ಕಡಿಮೆಯಿಲ್ಲದ ಕಾರ್ಖಾನೆಗಳಿಗೆ ಮಾತ್ರ. ಹಂಗಾಮಿ ಕಾರ್ಖಾನೆಗಳೆಂದರೆ ಕಾಯ್ದೆ ಬರೆದವರಿಗೆ ಯಾವಾಗಲೂ ಮಲಮಕ್ಕಳು. 1934ರ ಕಾಯ್ದೆಯನ್ನೇ ನೋಡಿರಿ. ವರ್ಷವಿಡೀ ನಡೆಯುವ ಕಾರ್ಖಾನೆಯಲ್ಲಿ ವಯಸ್ಕರಿಗೆ ವಾರಕ್ಕೆ 54 ಗಂಟೆಯ ಮಿತಿ. ಹತ್ತಿ ಜಿನ್ನಿನಂತಹ ಹಂಗಾಮಿ ಕಾರ್ಖಾನೆಯಲ್ಲಿ 60 ಗಂಟೆ. ಇಷ್ಟಾಗಿಯೂ ಇವೆಲ್ಲ ಬ್ರಿಟಿಷರ ಆಳ್ವಿಕೆಯ ಪ್ರದೇಶದ ಮಾತು. ನಮ್ಮ ಸೀಮೆ ಅಂದು ನಿಜಾಮರ ಸಂಸ್ಥಾನದಲ್ಲಿತ್ತು. ಇಲ್ಲಿ ಸರ್ಕಾರದ ಕಾಗದ ಪತ್ರಗಳ ಭಾಷೆ ಉರ್ದು, ದುಡಿಯುವವರ ಭಾಷೆ ಕನ್ನಡ. ಗೋಡೆಯ ಹಲಗೆಗೂ ಅದರ ಕೆಳಗೆ ನಿಂತವರಿಗೂ ಸಂಬಂಧ ತಪ್ಪಿದ್ದು ಇಂಗ್ಲಿಷಿನಿಂದ ಮಾತ್ರವಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷವೇ, ಅಂದರೆ 1948ರಲ್ಲಿ, ಇಂದಿಗೂ ಜನ ಹೆಸರು ಹೇಳುವ ಕಾರ್ಖಾನೆ ಕಾಯ್ದೆ ರೂಪುಗೊಂಡಿತು. ಅದನ್ನು ನಾನು ಗುಲಬರ್ಗಾದ ಗ್ರಂಥಾಲಯದಲ್ಲಿ ಕುಳಿತು ಓದಿದೆ. ಓದುತ್ತಾ ಹೋದಂತೆ ಆ ತಾಯಿಯ ಪ್ರಕರಣವನ್ನೇ ಕಂಡು ಬರೆದಂತೆ ಇತ್ತು. 22ನೇ ಕಲಂ ಹೇಳುವ ಪ್ರಕಾರ, ಚಲಿಸುತ್ತಿರುವ ಯಂತ್ರದ ಪರೀಕ್ಷೆ ಅನಿವಾರ್ಯವಾದರೆ ಅದನ್ನು ವಿಶೇಷ ತರಬೇತಿ ಪಡೆದ ವಯಸ್ಕ ಪುರುಷನೇ ಮಾಡಬೇಕು. ಅವನು ಮೈಗಂಟುವ ಬಿಗಿಯಾದ ಉಡುಪು ತೊಟ್ಟಿರಬೇಕು, ಆ ಉಡುಪನ್ನು ಮಾಲೀಕನೇ ಕೊಡಬೇಕು. ಶಾಫ್ಟು, ಬೆಲ್ಟುಗಳು ತಿರುಗುತ್ತಿರುವಾಗ ಅವುಗಳನ್ನು ಸ್ವಚ್ಛಗೊಳಿಸುವುದಕ್ಕಾಗಲಿ ಎಣ್ಣೆ ಬಿಡುವುದಕ್ಕಾಗಲಿ ಹೆಂಗಸರನ್ನು ಕಳಿಸಕೂಡದು. 23ನೇ ಕಲಂ ಪ್ರಕಾರ ಎಳೆಯರನ್ನು ಅಪಾಯದ ಯಂತ್ರಕ್ಕೆ ಹಚ್ಚುವ ಮೊದಲು ಅದರ ಅಪಾಯಗಳನ್ನೂ ವಹಿಸಬೇಕಾದ ಎಚ್ಚರವನ್ನೂ ಪೂರ್ಣವಾಗಿ ತಿಳಿಸಿರಬೇಕು. 27ನೇ ಕಲಂ ಅಂತೂ ಹತ್ತಿಯದೇ: ಹತ್ತಿ ಪ್ರೆಸ್ಸಿನಲ್ಲಿ ಹತ್ತಿ ಬಿಡಿಸುವ ಯಂತ್ರ ನಡೆಯುವ ಕಡೆ ಹೆಂಗಸರನ್ನೂ ಮಕ್ಕಳನ್ನೂ ಕೆಲಸಕ್ಕೆ ಇಡುವಂತಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು 108ನೇ ಕಲಂ. ಪ್ರದರ್ಶಿಸುವ ಸೂಚನೆಗಳು ಇಂಗ್ಲಿಷಿನಲ್ಲಿಯೂ, ಆ ಕಾರ್ಖಾನೆಯ ಬಹುಸಂಖ್ಯಾತ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿಯೂ ಇರಬೇಕು ಎಂದು ಅಲ್ಲಿ ಸ್ಪಷ್ಟವಾಗಿದೆ. ನಾನು ನೋಡಿದ ಹಲಗೆಯಲ್ಲಿ ಮೊದಲರ್ಧ ಪಾಲನೆಯಾಗಿತ್ತು!

ಆದರೆ ಇಲ್ಲಿ ನಾನು ನನ್ನ ಸಿಟ್ಟನ್ನು ಸ್ವಲ್ಪ ತಡೆದುಕೊಳ್ಳಬೇಕು. ಹಲಗೆ ಕನ್ನಡದಲ್ಲಿ ಇದ್ದಿದ್ದರೂ ಆ ತಾಯಿ ಓದುತ್ತಿರಲಿಲ್ಲ, ಅವರಿಗೆ ಅಕ್ಷರ ಬಾರದು. ಅವರಿಗೆ ಬೇಕಾಗಿದ್ದುದು ಬಾಯಿಂದ ಹೇಳಿ, ಕೈ ಹಿಡಿದು ತೋರಿಸುವ ಒಬ್ಬ ಮನುಷ್ಯ. ಬಿ.ಎಡ್. ಓದುವಾಗ ನಮಗೆ ಹರ್ಬಾರ್ಟನ ಸೋಪಾನಗಳನ್ನು ಬಾಯಿಪಾಠ ಮಾಡಿಸಿದ್ದರು. ಮೊದಲು ಪೂರ್ವಸಿದ್ಧತೆ, ಆಮೇಲೆ ವಿಷಯ ಮಂಡನೆ, ಕೊನೆಯಲ್ಲಿ ಅನ್ವಯ. ಅನ್ವಯವಿಲ್ಲದ ಪಾಠ ಪಾಠವೇ ಅಲ್ಲ ಎಂದು ನಮ್ಮ ಉಪನ್ಯಾಸಕರು ಪಾಠಯೋಜನೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಗೋಡೆಗೆ ಮೊಳೆ ಹೊಡೆದ ಹಲಗೆಯಲ್ಲಿ ಇವು ಯಾವುವೂ ಇಲ್ಲ.

ಹಾಗಾದರೆ ನಮ್ಮ ಸೀಮೆಯಲ್ಲಿ ಅಪಾಯದ ಕೆಲಸವನ್ನು ಕಲಿಸುವ ಸಂಪ್ರದಾಯವೇ ಇರಲಿಲ್ಲವೇ? ಖಂಡಿತ ಇತ್ತು. ಸುರಪುರದಿಂದ ದಕ್ಷಿಣಕ್ಕೆ ಕೃಷ್ಣೆಯನ್ನು ದಾಟಿ ಹೋದರೆ ಲಿಂಗಸುಗೂರು ತಾಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ ಸಿಗುತ್ತದೆ. ಅಲ್ಲಿ ಪ್ರಾಚೀನರು ಸುಮಾರು 640 ಅಡಿ ಆಳದವರೆಗೆ ಇಳಿದಿದ್ದರು. ಹಳೆಯ ಸುರಂಗಗಳಲ್ಲಿ ದೊರೆತ ಮರದ ತುಂಡುಗಳ ಕಾಲವನ್ನು ವಿಜ್ಞಾನಿಗಳು ಅಳೆದಾಗ ಅವು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯವೆಂದು ತಿಳಿಯಿತು. ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ನೀರೆರಚಿ ಸೀಳುವುದು ಅವರ ವಿಧಾನ. ಹೊಗೆ, ಉಸಿರು ಕಟ್ಟುವ ಗಾಳಿ, ಮೇಲಿನಿಂದ ಕಳಚಿ ಬೀಳುವ ಕಲ್ಲು ಇವುಗಳ ನಡುವೆ ಅಷ್ಟು ಆಳಕ್ಕೆ ಇಳಿದು ಮರಳಿ ಬರಬೇಕಾದರೆ ಹಿರಿಯನು ಕಿರಿಯನಿಗೆ ಕಲಿಸಿರಲೇಬೇಕು. ಬರಹವಿಲ್ಲದ ಪಾಠ ಅದು.

ಆಧುನಿಕ ಕಾಲದಲ್ಲಿ ಆಂಗ್ಲರ ಕಂಪನಿಯೊಂದು ಹಟ್ಟಿಯನ್ನು 1920ರವರೆಗೆ ನಡೆಸಿ ಮುಚ್ಚಿತು. 1947ರಲ್ಲಿ ನಿಜಾಮ ಸರ್ಕಾರದ ಕಾಲದಲ್ಲಿಯೇ ಹೈದರಾಬಾದ್ ಚಿನ್ನದ ಗಣಿ ಕಂಪನಿ ಸ್ಥಾಪನೆಯಾಯಿತು. 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಅದು ಹಟ್ಟಿಯ ಹೆಸರು ಪಡೆಯಿತು. ಈ ನಡುವೆ 1952ರ ಗಣಿ ಕಾಯ್ದೆ ಬಂತು, ಅದರಡಿಯಲ್ಲಿ 1966ರಲ್ಲಿ ಗಣಿ ವೃತ್ತಿ ತರಬೇತಿ ನಿಯಮಗಳು ಬಂದವು. ಶಿಕ್ಷಕನಾದ ನನಗೆ ಇಡೀ ಕಾನೂನು ಭಂಡಾರದಲ್ಲಿ ಬಹಳ ಮೆಚ್ಚುಗೆಯಾದುದು ಈ ನಿಯಮಗಳೇ. ಹೊಸಬನನ್ನು ತರಬೇತಿ ಇಲ್ಲದೆ ಗಣಿಯ ಕೆಲಸಕ್ಕೆ ಹಚ್ಚಬಾರದು, ಬಹಳ ಕಾಲ ಬಿಟ್ಟು ಬಂದವನಿಗೆ ಮತ್ತೆ ತರಬೇತಿ ಕೊಡಬೇಕು, ಪೆಟ್ಟು ತಿಂದವನಿಗೂ ಪುನಃ ಪಾಠವಾಗಬೇಕು ಎಂದು ಅವು ವಿಧಿಸಿದವು. ಕಲಿಸುವ ಕೊಠಡಿ, ಕಲಿಸುವ ವ್ಯಕ್ತಿ, ಕಲಿಕೆಗೆ ದಿನಗಳ ಲೆಕ್ಕ ಎಲ್ಲವೂ ಉಂಟು.

ನನ್ನ ವಿದ್ಯಾರ್ಥಿಯೊಬ್ಬ ಮುಂದೆ ಗಣಿಯೊಂದರಲ್ಲಿ ಸೇರಿದ. ರಜೆಗೆ ಬಂದಾಗ ಏನು ಕಲಿಸಿದರೆಂದು ಕೇಳಿದೆ. ಅವನು ಎದ್ದು ನಿಂತು ನಮ್ಮ ಮನೆಯ ಹಂಚಿನ ಚಾವಣಿಯ ತೊಲೆಯನ್ನು ಬೆರಳಿನಿಂದ ಬಡಿದು ತೋರಿಸಿದ. "ಮೊದಲ ದಿನಾನೇ ಕೈಯಾಗ ಹಾರಿ ಕೊಟ್ಟು ಮ್ಯಾಲಿನ ಕಲ್ಲಿಗೆ ಬಡಿ ಅಂದ್ರು ಸರ. ಗಟ್ಟಿ ಕಲ್ಲು ಇದ್ರ ಗಂಟಿಹಂಗ ಠಣ್ ಅಂತದ. ಬಿರುಕು ಬಿಟ್ಟಿದ್ರ ಬೊದ್ ಅಂತ ಸಪ್ಪಳ ಬರ್ತದ. ಆ ಸಪ್ಪಳ ಬಂದಲ್ಲಿ ಕಾಲಿಡಬ್ಯಾಡ, ಮೊದಲು ಮ್ಯಾಲಿನವರಿಗೆ ಹೇಳು ಅಂದ್ರು. ನಾ ತಪ್ಪು ಹೇಳಿದಷ್ಟು ಸಲ ಮತ್ತ ಬಡಿಸಿದ್ರು." ಸೋಪಾನಗಳೆಲ್ಲ ಇದರಲ್ಲಿ ಬಂದವಲ್ಲ! ನನ್ನ ಇತಿಹಾಸದ ಪಾಠಗಳಲ್ಲಿ ಎಷ್ಟು ಅವನಿಗೆ ನೆನಪಿದ್ದವೋ ನಾನು ಕೇಳಲಿಲ್ಲ.

ಆದರೆ ಎಲ್ಲ ಅಪಾಯವೂ ಸಪ್ಪಳ ಮಾಡುವುದಿಲ್ಲ. ಕೋಲಾರದ ಚಿನ್ನದ ಗಣಿಗಳ ಕಥೆ ಇದಕ್ಕೆ ಸಾಕ್ಷಿ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಬೆಳೆದ ಆ ಗಣಿಗಳು ತಂತ್ರಜ್ಞಾನದಲ್ಲಿ ಮುಂದಿದ್ದವು. 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತು ಅಲ್ಲಿಗೆ ಹರಿಯಿತು. ಮುಂದೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಬಂಡೆ ಸಿಡಿದು ಸತ್ತವರ ಲೆಕ್ಕವನ್ನು ಎಲ್ಲರೂ ಇಟ್ಟರು, ಏಕೆಂದರೆ ಸಿಡಿತದ ಅದುರು ಮೇಲಿನ ಊರಿಗೂ ತಿಳಿಯುತ್ತಿತ್ತು. ಕಲ್ಲು ಕೊರೆಯುವಾಗ ಏಳುವ ಸಣ್ಣ ಧೂಳಿನ ಲೆಕ್ಕವನ್ನು ಇಟ್ಟದ್ದು ಬಹಳ ತಡವಾಗಿ. 1940ರ ದಶಕದಲ್ಲಿ ವೈದ್ಯರು ಸಾವಿರಾರು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 44 ಜನರಲ್ಲಿ ಸಿಲಿಕೋಸಿಸ್ ಕಂಡುಬಂತು. ಶ್ವಾಸಕೋಶವೇ ಕಲ್ಲಾಗುತ್ತ ಹೋಗುವ ಕಾಯಿಲೆ, ಮರಳಿ ಗುಣವಾಗದು. ಕೊರೆಯುವ ಮೊನೆಗೆ ನೀರು ಬಿಟ್ಟರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಆದರೆ ಕಣ್ಣಿಗೆ ಕಾಣದ, ಹತ್ತು ವರ್ಷ ಕಳೆದ ಮೇಲೆ ಕೆಮ್ಮಾಗಿ ಬರುವ ಶತ್ರುವಿನ ಬಗ್ಗೆ ಕಾರ್ಮಿಕನಿಗೆ ತಿಳಿಹೇಳದಿದ್ದರೆ ಅವನು ನೀರಿನ ನಳಿಕೆಯನ್ನು ಏಕೆ ಹಚ್ಚಿಯಾನು? ಅದು ಅವನಿಗೆ ಮೈ ತೋಯಿಸುವ ಕಿರಿಕಿರಿ ಮಾತ್ರ. 2001ರ ಫೆಬ್ರವರಿ 28ರಂದು ಆ ಗಣಿಗಳು ಮುಚ್ಚಿದವು.

1966ರ ಮಾರ್ಚ್ 4ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ಸುರಕ್ಷತಾ ಮಂಡಳಿಯನ್ನು ಸ್ಥಾಪಿಸಿತು. 1972ರಿಂದ ಆ ದಿನ ರಾಷ್ಟ್ರೀಯ ಸುರಕ್ಷತಾ ದಿನವಾಯಿತು. ಬ್ಯಾಡ್ಜು, ಪ್ರತಿಜ್ಞಾ ವಿಧಿ, ಘೋಷಣೆ, ಪ್ರಬಂಧ ಸ್ಪರ್ಧೆ. ನಮ್ಮ ಶಾಲೆಗಳಲ್ಲಿಯೂ ವರ್ಷಕ್ಕೆ ಇಂತಹ ದಿನಗಳು ಬೇಕಾದಷ್ಟಿದ್ದುದರಿಂದ ಅವುಗಳ ಬಲ ಮತ್ತು ಮಿತಿ ಎರಡನ್ನೂ ಬಲ್ಲೆ. ಹೆಚ್ಚು ಹೇಳುವುದಿಲ್ಲ.

ಇಡೀ ದೇಶಕ್ಕೆ ಪಾಠವಾದುದು ಭೋಪಾಲ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮಿಥೈಲ್ ಐಸೊಸೈನೇಟ್ ಅನಿಲ ಸೋರಿ ಸಾವಿರಾರು ಜನ ಸತ್ತ ಕಥೆ ಎಲ್ಲರಿಗೂ ಗೊತ್ತು. ಸೋರುವ ಮೊದಲು ಏನಾಗಿತ್ತು ಎಂಬುದು ಅಷ್ಟಾಗಿ ಗೊತ್ತಿಲ್ಲ. ಆ ಘಟಕದಲ್ಲಿ ಒಂದು ಪಾಳಿಗೆ ಹನ್ನೆರಡು ಜನ ನಿರ್ವಾಹಕರಿದ್ದ ಕಡೆ ಖರ್ಚು ಉಳಿಸಲು ಆರು ಜನರನ್ನು ಉಳಿಸಿದ್ದರು. ತರಬೇತಿಯ ಅವಧಿಯನ್ನೂ ಮೊಟಕುಗೊಳಿಸಿದ್ದರು. ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು. ರಾಜಕುಮಾರ ಕೇಸ್ವಾನಿ ಎಂಬ ಸ್ಥಳೀಯ ಪತ್ರಕರ್ತರು 1982ರಿಂದಲೇ ಎಚ್ಚರಿಸಿ ಬರೆದಿದ್ದರೂ ಕೇಳಿದವರಿಲ್ಲ. ಆ ರಾತ್ರಿ ಕಾರ್ಖಾನೆಯ ಸುತ್ತಲಿನ ಜನರಿಗೆ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಳ್ಳಬೇಕೆಂದಾಗಲಿ, ಗಾಳಿ ಬೀಸುವ ದಿಕ್ಕಿಗೆ ಓಡಬಾರದೆಂದಾಗಲಿ ಯಾರೂ ಹೇಳಿರಲಿಲ್ಲ. ಎರಡು ವಾಕ್ಯಗಳ ಪಾಠ ಅದು. ಮೂರನೆಯ ತರಗತಿಯ ಮಗುವಿಗೂ ಕಲಿಸಬಹುದಾಗಿತ್ತು.

ಇದರ ಫಲವಾಗಿ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಯಿತು. ಕಾರ್ಮಿಕರಿಗೆ ಮಾಹಿತಿ, ಸೂಚನೆ, ತರಬೇತಿ ಮತ್ತು ಮೇಲ್ವಿಚಾರಣೆ ಒದಗಿಸುವುದು ಮಾಲೀಕನ ಕರ್ತವ್ಯವೆಂದು ಮೊದಲ ಬಾರಿಗೆ ಇಷ್ಟು ನೇರವಾಗಿ ಬರೆಯಲಾಯಿತು. ಅಪಾಯಕರ ಕಾರ್ಖಾನೆ ತನ್ನಲ್ಲಿರುವ ವಿಷಯವನ್ನು ಕಾರ್ಮಿಕರಿಗಷ್ಟೇ ಅಲ್ಲದೆ ನೆರೆಯ ಜನರಿಗೂ ತಿಳಿಸಬೇಕಾಯಿತು. ಕಾರ್ಮಿಕರೂ ಆಡಳಿತದವರೂ ಸಮನಾಗಿ ಕೂರುವ ಸುರಕ್ಷತಾ ಸಮಿತಿ ಬಂತು. 111ಎ ಕಲಂ ಸೇರಿ, ಸುರಕ್ಷತೆಯ ಮಾಹಿತಿ ಕೇಳುವುದೂ ತರಬೇತಿ ಪಡೆಯುವುದೂ ಕಾರ್ಮಿಕನ ಹಕ್ಕಾಯಿತು. ಗಮನಿಸಿರಿ, ನಾನು ಹಲಗೆ ನೋಡಲು ಹೋದದ್ದು ಇದೆಲ್ಲ ಜಾರಿಗೆ ಬಂದು ನಾಲ್ಕು ವರ್ಷಗಳಾದ ಮೇಲೆ.

ಈಗ ನಮ್ಮ ಬಾಗಿಲಿಗೆ ಬರೋಣ. ಯಾದಗಿರಿ 2010ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಸೈದಾಪುರದ ಆಚೆ, ತೆಲಂಗಾಣದ ಗಡಿಯ ಹತ್ತಿರ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕಾಗಿ ಮೂರು ಸಾವಿರಕ್ಕೂ ಹೆಚ್ಚು ಎಕರೆ ಭೂಮಿಯನ್ನು ರೈತರಿಂದ ಪಡೆಯಲಾಯಿತು. ರೈಲ್ವೆಯ ಬೋಗಿ ಕಾರ್ಖಾನೆ ಬಂತು, ರಾಸಾಯನಿಕ ಮತ್ತು ಔಷಧ ತಯಾರಿಕೆಯ ಘಟಕಗಳು ಬಂದವು. ಅಲ್ಲಿನ ಒಂದು ಘಟಕದಲ್ಲಿ ಕೆಲಸಕ್ಕೆ ಸೇರಿದ ನನ್ನ ಹಳೆಯ ವಿದ್ಯಾರ್ಥಿ ಒಂದು ಮದುವೆಯಲ್ಲಿ ಸಿಕ್ಕ. ತರಬೇತಿ ಆಯಿತೇ ಎಂದೆ. "ಆತ್ರಿ ಸರ, ಒಂದು ತಾಸು. ಪರದೆ ಮ್ಯಾಲ ಚಿತ್ರ ತೋರ್ಸಿ ಹಿಂದ್ಯಾಗ ಹೇಳಿದ್ರು. ಆಮ್ಯಾಲ ಸಹಿ ಮಾಡಿಸ್ಕೊಂಡ್ರು" ಎಂದ. ಶಿಕ್ಷಕನ ಚಟ ಬಿಡದು. ಮೂರು ಪ್ರಶ್ನೆ ಕೇಳಿದೆ. ಮೈಮೇಲೆ ಆಮ್ಲ ಚೆಲ್ಲಿದರೆ ಮೊದಲು ಏನು ಮಾಡುವೆ? ನೀರಿನ ನಳ ಎಷ್ಟು ಹೆಜ್ಜೆ ದೂರದಲ್ಲಿದೆ? ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಹೇಗೆ ತಿಳಿಯುವೆ? ಮೊದಲನೆಯದಕ್ಕೆ "ಡಾಕ್ಟರ್ ಕಡೆ ಹೋಗ್ತೀನ್ರಿ" ಎಂದ. ಉಳಿದೆರಡಕ್ಕೆ ನಕ್ಕ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದವನು ಅವನು. ಕಲಿಯಲಾರದವನಲ್ಲ.

ಇಷ್ಟರಲ್ಲಿ ಕಾನೂನೂ ಬದಲಾಗಿದೆ. ಕಾರ್ಖಾನೆ ಕಾಯ್ದೆ, ಗಣಿ ಕಾಯ್ದೆ, ಕಟ್ಟಡ ಕಾರ್ಮಿಕರ ಕಾಯ್ದೆ ಸೇರಿ ಹದಿಮೂರು ಕಾಯ್ದೆಗಳನ್ನು ಒಂದುಗೂಡಿಸಿದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ತರಬೇತಿ ಕೊಡುವ ಕರ್ತವ್ಯ ಅದರಲ್ಲಿಯೂ ಉಳಿದಿದೆ. ನೇಮಕಾತಿ ಪತ್ರವನ್ನು ಎಲ್ಲರಿಗೂ ಕೊಡಬೇಕೆಂಬ ಒಳ್ಳೆಯ ಮಾತೂ ಇದೆ. ಆದರೆ ಹಿಂದೆ ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಕಾರ್ಖಾನೆ ಎನಿಸುತ್ತಿತ್ತು, ಈಗ ಇಪ್ಪತ್ತು ಜನರಿರಬೇಕು. ನಮ್ಮ ತಾಲೂಕುಗಳ ಹತ್ತಿ ಜಿನ್ನು, ಬೇಳೆ ಗಿರಣಿ, ಕಾಲುವೆ ನೀರು ಬಂದ ಮೇಲೆ ಎದ್ದ ಅಕ್ಕಿ ಗಿರಣಿಗಳನ್ನು ಕಂಡವನಾಗಿ ಈ ಸಂಖ್ಯೆ ನನಗೆ ಹಿಡಿಸಿಲ್ಲ. ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿರುತ್ತವೆ, ಒಳಗೆ ಎಷ್ಟು ಜನರಿರುತ್ತಾರೆ ಎಂಬುದು ಬೇರೆಯೇ ವಿಷಯ. ಹಾಜರಿ ಪುಸ್ತಕದ ಬಗ್ಗೆ ನನಗೆ ತುಸು ಅನುಭವವಿದೆ.

ಆರಂಭದಲ್ಲಿ ಹೇಳಿದ ಹುಡುಗಿ ಆ ವರ್ಷ ಶಾಲೆಗೆ ಮರಳಲಿಲ್ಲ. ತಾಯಿಯ ಕೈಕೆಲಸವೆಲ್ಲ ಅವಳ ಪಾಲಿಗೆ ಬಂತು. ನಾನು ಎರಡು ಸಲ ಹೋಗಿ ಕರೆದೆ, ಮೂರನೆಯ ಸಲ ಹೋಗಲಿಲ್ಲ. ಅದು ನನ್ನ ತಪ್ಪು. ಪರಿಹಾರದ ಅರ್ಜಿ ಬರೆದುಕೊಡಬಹುದೆಂಬುದು ನನಗೆ ಹೊಳೆದಾಗ ಕಾಲ ಮೀರಿತ್ತು.

ಕಳೆದ ವರ್ಷ ಅವಳೇ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಜೊತೆಗೆ ಆ ತಾಯಿಯೂ ಇದ್ದರು, ತಲೆಯೆಲ್ಲ ಬೆಳ್ಳಗಾಗಿತ್ತು. ಹುಡುಗನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಸಹಿ ಮಾಡಿ ಕೊಡಬೇಕಾದ ಇಂಗ್ಲಿಷ್ ಕಾಗದವೊಂದನ್ನು ತಂದಿದ್ದ. ಎರಡು ಪುಟ, ಹದಿನೆಂಟು ಸೂಚನೆಗಳು, ಕೊನೆಯಲ್ಲಿ ಮೇಲಿನವೆಲ್ಲ ನನಗೆ ಅರ್ಥವಾಗಿವೆ ಎಂಬ ಸಾಲು. "ಓದಿ ಹೇಳ್ರಿ ಸರ, ಆಮ್ಯಾಲ ಸಹಿ ಮಾಡ್ತಾನ" ಎಂದಳು ಅವಳು. ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಕನ್ನಡದಲ್ಲಿ ಹೇಳಿದೆ. ಅವನಿಂದ ಹೇಳಿಸಿದೆ. ಎರಡು ಸೂಚನೆ ನನಗೇ ಅರ್ಥವಾಗಲಿಲ್ಲ; ಅವುಗಳ ಪಕ್ಕದಲ್ಲಿ ಗುರುತು ಹಾಕಿ, ಅಲ್ಲಿಯವರನ್ನು ಕೇಳಿ ತಿಳಿದ ಮೇಲೆಯೇ ಸಹಿ ಮಾಡು ಎಂದೆ. ಸಡಿಲ ಬಟ್ಟೆ ಧರಿಸಿ ತಿರುಗುವ ಯಂತ್ರದ ಬಳಿ ಹೋಗಬಾರದು, ಯಂತ್ರ ನಿಲ್ಲಿಸದೆ ಕೈ ಹಾಕಬಾರದು ಎಂಬುದು ಏಳನೆಯದು. ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ಅಜ್ಜಿ ಎಡಗೈ ಎತ್ತಿದರು.

"ಅದೊಂದು ಇನ್ನೊಮ್ಮೆ ಹೇಳ್ರಿ ಮಾಸ್ತರ" ಎಂದರು. ಹೇಳಿದೆ.